ಹೊರಗೆ ಕೇಳುವ ನ್ಯಾಯ ಊರೊಳಗೂ ಬೇಕು

ಪೈವಳಿಕೆ: ಮಂಜೇಶ್ವರ ತಾಲ್ಲೂಕಿನ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಪದವಿನಲ್ಲಿ ಸೋಲಾರ್ ಹಲಗೆಗಳು ಸಾಲುಸಾಲಾಗಿ ಬಿಸಿಲಿಗೆ ಮುಖವೊಡ್ಡಿ ನಿಂತಿವೆ. ಸುಮಾರು 250 ಎಕರೆ ಜಾಗ, 50 ಮೆಗಾವಾಟ್ ವಿದ್ಯುತ್, ಸುಮಾರು 280 ಕೋಟಿ ರೂಪಾಯಿ ಖರ್ಚು. 2021ರ ಫೆಬ್ರುವರಿ 19ರಂದು ಪ್ರಧಾನಿ ನರೇಂದ್ರ ಮೋದಿ ದಿಲ್ಲಿಯಲ್ಲೇ ಕುಳಿತು ವಿಡಿಯೊ ಮೂಲಕ ಇದನ್ನು ಉದ್ಘಾಟಿಸಿದರು. ಒಂದು ಕಾಲಕ್ಕೆ ದನ ಮೇಯಲು ಬಿಟ್ಟರೆ ಬೇರೇನಕ್ಕೂ ಆಗದು ಎನ್ನುತ್ತಿದ್ದ ಮುರಕಲ್ಲಿನ ಗುಡ್ಡ ಇಂದು ದೇಶದ ಲೆಕ್ಕದ ಪುಸ್ತಕದಲ್ಲಿದೆ.

ಈ ಲೆಕ್ಕ ಬರೀ ಕರೆಂಟಿನದಲ್ಲ. ಭಾರತ ಸರ್ಕಾರ ಜಗತ್ತಿನ ಮುಂದೆ ನಿಂತು ಹವಾಮಾನ ಬದಲಾವಣೆಯ ಬಗ್ಗೆ ಕೊಟ್ಟ ಮಾತಿನ ಲೆಕ್ಕ. ರಿಯೊ, ಪ್ಯಾರಿಸ್, ಗ್ಲ್ಯಾಸ್ಗೋ ಎಂದು ಪೇಪರಿನಲ್ಲಿ ಓದುವ ದೂರದ ಊರುಗಳ ಸಭೆಗಳಿಗೂ ಗಡಿನಾಡಿನ ಹೊಲ, ಗುಡ್ಡಗಳಿಗೂ ನೇರ ಸಂಬಂಧ ಉಂಟು. ಮಡಕಶಿರಾದ ಪಕ್ಕದ ಪಾವಗಡದಲ್ಲಿ 13 ಸಾವಿರ ಎಕರೆಯಷ್ಟು ಹೊಲ ಸೋಲಾರ್ ಪಾರ್ಕ್ ಆಗಿದೆ. ಜತ್ತ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುತ್ತಿವೆ. ಹೊಸೂರಿನ ಕಾರ್ಖಾನೆಗಳಿಂದ ಬ್ಯಾಟರಿ ಸ್ಕೂಟರ್ ಹೊರಬರುತ್ತಿವೆ. ಸೋಲಾಪುರದಲ್ಲಿ ಮಾತ್ರ ಕಲ್ಲಿದ್ದಲಿನ ಚಿಮಣಿ ಹೊಗೆಯಾಡುತ್ತಿದೆ. ಇವೆಲ್ಲ ಒಂದೇ ನೀತಿಯ ಬೇರೆ ಬೇರೆ ಮುಖಗಳು.

ಆ ನೀತಿಯ ತಿರುಳು ಒಂದೇ ಪದ: ನ್ಯಾಯ. ಐವತ್ತು ವರ್ಷಗಳಿಂದ ಭಾರತ ಶ್ರೀಮಂತ ದೇಶಗಳ ಮುಂದೆ ಕೇಳುತ್ತಾ ಬಂದಿರುವುದು ಇದನ್ನೇ. ಈಗ ಗಡಿನಾಡಿನವರು ಇದೇ ಪದ ಹಿಡಿದು ದಿಲ್ಲಿಯನ್ನೂ ರಾಜ್ಯಗಳನ್ನೂ ಕೇಳುವ ಕಾಲ ಬಂದಿದೆ.

ಜಾತ್ರೆಯ ವಂತಿಗೆಯಂತೆ

ಕತೆ ಶುರುವಾಗುವುದು 1972ರ ಜೂನ್ ತಿಂಗಳಲ್ಲಿ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಪರಿಸರದ ಬಗ್ಗೆ ವಿಶ್ವಸಂಸ್ಥೆಯ ಮೊದಲ ದೊಡ್ಡ ಸಮ್ಮೇಳನ. ಅಲ್ಲಿ ಮಾತಾಡಿದ ಪ್ರಧಾನಿ ಇಂದಿರಾ ಗಾಂಧಿ, ಬಡತನವನ್ನು ಮರೆತು ಪರಿಸರದ ಮಾತಾಡಿದರೆ ಬಡ ದೇಶಗಳಿಗೆ ಅದು ಹಿಡಿಸದು ಎಂಬ ಅರ್ಥದ ವಾದ ಮಂಡಿಸಿದರು. ಅಂದಿನಿಂದ ದಿಲ್ಲಿಯಲ್ಲಿ ಯಾವ ಪಕ್ಷ ಕುಳಿತರೂ ಈ ವಾದದ ಬೇರು ಅಲ್ಲಾಡಿಲ್ಲ.

1992ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹವಾಮಾನ ಬದಲಾವಣೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿತು, 1993ರಲ್ಲಿ ಅನುಮೋದಿಸಿತು. ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಒಂದೇ ತೂಕದ್ದಲ್ಲ ಎಂಬ ತತ್ವ ಆ ಒಪ್ಪಂದದಲ್ಲಿ ಸೇರಿತು. ಊರ ಜಾತ್ರೆಯ ವಂತಿಗೆ ನೆನಪಿಸಿಕೊಂಡರೆ ಇದು ಸಲೀಸಾಗಿ ಅರ್ಥವಾಗುತ್ತದೆ. ತೇರು ಎಲ್ಲರದೂ. ಆದರೆ ನೂರು ಎಕರೆ ತೋಟದ ಧಣಿಗೂ ಕೂಲಿ ಮಾಡುವವನಿಗೂ ಒಂದೇ ಮೊತ್ತ ಬರೆಯುವುದಿಲ್ಲ.

ಲೆಕ್ಕವೂ ಭಾರತದ ಕಡೆಗೇ ಇದೆ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್. ಅಮೆರಿಕದವನ ಪಾಲು ಸುಮಾರು 14 ಟನ್. ಕೈಗಾರಿಕೆ ಶುರುವಾದ ದಿನದಿಂದ ಇಂದಿನವರೆಗೆ ಜಗತ್ತು ಬಿಟ್ಟ ಒಟ್ಟು ಹೊಗೆಯಲ್ಲಿ ಭಾರತದ್ದು ನೂರಕ್ಕೆ ನಾಲ್ಕರ ಆಸುಪಾಸು. ಜನಸಂಖ್ಯೆಯಲ್ಲಿ ಮಾತ್ರ ಆರು ಜನರಲ್ಲಿ ಒಬ್ಬ ಭಾರತೀಯ. ಹಾಗೆಂದು ಸುಮ್ಮನೆ ಕೂರುವಂತೆಯೂ ಇಲ್ಲ. ಇವತ್ತಿನ ವರ್ಷಾವಾರು ಲೆಕ್ಕದಲ್ಲಿ ಚೀನಾ, ಅಮೆರಿಕದ ನಂತರ ಮೂರನೇ ಸ್ಥಾನ ಭಾರತದ್ದೇ.

1997ರ ಕ್ಯೋಟೊ ಒಪ್ಪಂದದಲ್ಲಿ ಹೊಗೆ ಇಳಿಸುವ ಕಡ್ಡಾಯ ಗುರಿ ಬಿದ್ದದ್ದು ಶ್ರೀಮಂತ ದೇಶಗಳ ಮೇಲೆ ಮಾತ್ರ. ಭಾರತ ಅದನ್ನು 2002ರಲ್ಲಿ ಒಪ್ಪಿತು. ಅದೇ ವರ್ಷ ವಾಜಪೇಯಿ ಪ್ರಧಾನಿಯಾಗಿದ್ದಾಗ ಜಾಗತಿಕ ಹವಾಮಾನ ಸಮ್ಮೇಳನ ದಿಲ್ಲಿಯಲ್ಲೇ ನಡೆಯಿತು. ಆಗಲೂ ಅದೇ ಮಾತು: ಬಡತನ ನೀಗಿಸಲು ಬೇಕಾದ ಅಭಿವೃದ್ಧಿಗೆ ಅಡ್ಡ ಬರಬೇಡಿ.

ಚಿಕ್ಕಮಗಳೂರಿನಲ್ಲಿ ಹುಟ್ಟಿದ ಸಚಿವ

ಬರೀ ವಾದದಿಂದ ಹೊಟ್ಟೆ ತುಂಬದು ಎಂಬುದು ದಿಲ್ಲಿಗೂ ಗೊತ್ತಾಗುತ್ತಾ ಬಂತು. 2007ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಹವಾಮಾನ ಬದಲಾವಣೆಗೆಂದೇ ಒಂದು ಮಂಡಳಿ ರಚಿಸಿದರು. 2008ರ ಜೂನ್ 30ರಂದು ರಾಷ್ಟ್ರೀಯ ಕ್ರಿಯಾ ಯೋಜನೆ ಹೊರಬಂತು. ಸೌರಶಕ್ತಿ, ಇಂಧನ ದಕ್ಷತೆ, ನಗರ ವಸತಿ, ನೀರು, ಹಿಮಾಲಯ, ಹಸಿರು ಭಾರತ, ಕೃಷಿ, ಜ್ಞಾನ ಸಂಗ್ರಹ ಎಂದು ಎಂಟು ಮಿಷನ್‌ಗಳು. 2010ರ ಜನವರಿಯಲ್ಲಿ ಶುರುವಾದ ಸೌರ ಮಿಷನ್‌ನ ಗುರಿ 2022ಕ್ಕೆ 20 ಸಾವಿರ ಮೆಗಾವಾಟ್. ಪೈವಳಿಕೆಯ ಪದವಿಗೆ ಹಲಗೆ ಬಂದದ್ದು ಇದೇ ಮಿಷನ್ ಅಡಿಯಲ್ಲಿ.

2009ರ ಡಿಸೆಂಬರ್‌ನಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್ ಸಮ್ಮೇಳನ. ಆಗ ಪರಿಸರ ಸಚಿವರಾಗಿದ್ದವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶ್. ಪ್ರತಿ ರೂಪಾಯಿ ಉತ್ಪನ್ನಕ್ಕೆ ಬಿಡುವ ಹೊಗೆಯನ್ನು 2005ಕ್ಕೆ ಹೋಲಿಸಿದರೆ 2020ರೊಳಗೆ ನೂರಕ್ಕೆ 20ರಿಂದ 25ರಷ್ಟು ಇಳಿಸುವುದಾಗಿ ಭಾರತ ಸ್ವಇಚ್ಛೆಯಿಂದ ಹೇಳಿತು. ಇದು ಒಟ್ಟು ಹೊಗೆಯ ಇಳಿಕೆಯಲ್ಲ, ಗಳಿಕೆಗೆ ತಕ್ಕ ಹೊಗೆಯ ಇಳಿಕೆ ಎಂಬುದನ್ನು ಮರೆಯಬಾರದು. ಹಾಗಿದ್ದೂ, ಬಾಗಿಲಲ್ಲೇ ನಿಂತು ಬೇಡ ಎನ್ನುತ್ತಿದ್ದ ದೇಶ ಒಳಗೆ ಬಂದು ಲೆಕ್ಕ ಹಾಕತೊಡಗಿದ್ದು ಅಂದಿನಿಂದ. ಬ್ರೆಜಿಲ್, ದಕ್ಷಿಣ ಆಫ್ರಿಕ, ಚೀನಾಗಳ ಜೊತೆ ಗುಂಪು ಕಟ್ಟಿಕೊಂಡು ಅಮೆರಿಕದ ಅಧ್ಯಕ್ಷ ಒಬಾಮ ಜೊತೆ ಕೊನೆ ಗಳಿಗೆಯ ಮಾತುಕತೆ ನಡೆಸಿದ್ದೂ ಅಲ್ಲಿಯೇ.

ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳೂ ಒಂದು ಮಾತು ಕೊಟ್ಟವು. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 100 ಶತಕೋಟಿ ಡಾಲರ್ ಒದಗಿಸುವುದು. ಗಡುವಿಗೆ ಆ ಮಾತು ಉಳಿಯಲಿಲ್ಲ. ಕೊಟ್ಟ ದುಡ್ಡಿನಲ್ಲೂ ಹೆಚ್ಚಿನ ಪಾಲು ಸಾಲ. ಹೊಗೆ ಬಿಟ್ಟವರು ಅವರು, ಸಾಲ ತೀರಿಸಬೇಕಾದವರು ಇವರು. ಈ ಅಂಶ ಮುಂದೆ ವಯನಾಡಿನ ಮಾತು ಬಂದಾಗ ನೆನಪಿಗೆ ಬರುತ್ತದೆ.

ಪ್ಯಾರಿಸ್, ಗ್ಲ್ಯಾಸ್ಗೋ, ಬಾಕು

2015ರಲ್ಲಿ ಪ್ಯಾರಿಸ್ ಒಪ್ಪಂದ. ನವೆಂಬರ್ 30ರಂದು ಮೋದಿ ಮತ್ತು ಫ್ರಾನ್ಸ್ ಅಧ್ಯಕ್ಷ ಒಲಾಂದ್ ಸೇರಿ ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೆ ಚಾಲನೆ ಕೊಟ್ಟರು. ಅದರ ಮುಖ್ಯ ಕಚೇರಿ ದಿಲ್ಲಿ ಪಕ್ಕದ ಗುರುಗ್ರಾಮದಲ್ಲಿದೆ. ಬೇರೆಯವರ ಮನೆಯ ಸಭೆಗೆ ಹೋಗಿ ಬರುತ್ತಿದ್ದ ಭಾರತ ತನ್ನ ಅಂಗಳದಲ್ಲೇ ಒಂದು ಸಂಸ್ಥೆ ಕಟ್ಟಿತು. 2016ರ ಗಾಂಧಿ ಜಯಂತಿಯಂದು ಪ್ಯಾರಿಸ್ ಒಪ್ಪಂದವನ್ನು ಅನುಮೋದಿಸಿತು.

2021ರ ನವೆಂಬರ್‌ನಲ್ಲಿ ಗ್ಲ್ಯಾಸ್ಗೋದಲ್ಲಿ ಮೋದಿ ಐದು ಮಾತು ಕೊಟ್ಟು ಅದಕ್ಕೆ ‘ಪಂಚಾಮೃತ’ ಎಂದು ಹೆಸರಿಟ್ಟರು. 2030ಕ್ಕೆ ಕಲ್ಲಿದ್ದಲು, ಎಣ್ಣೆ, ಅನಿಲ ಸುಡದ 5 ಲಕ್ಷ ಮೆಗಾವಾಟ್ ಸಾಮರ್ಥ್ಯ ಕಟ್ಟುವುದು, 2070ಕ್ಕೆ ಬಿಟ್ಟಷ್ಟು ಹೊಗೆಯನ್ನು ಹೀರಿ ಲೆಕ್ಕ ಸೊನ್ನೆಗೆ ತರುವುದು ಅವುಗಳಲ್ಲಿ ಮುಖ್ಯವಾದವು. ಅದೇ ಸಭೆಯ ಕೊನೆ ದಿನ ಕಲ್ಲಿದ್ದಲು ‘ಪೂರ್ತಿ ನಿಲ್ಲಿಸುವ’ ಮಾತಿನ ಬದಲು ‘ಕ್ರಮೇಣ ತಗ್ಗಿಸುವ’ ಮಾತು ಬರಲಿ ಎಂದು ಪರಿಸರ ಸಚಿವ ಭೂಪೇಂದರ್ ಯಾದವ್ ಪಟ್ಟು ಹಿಡಿದರು. ಕೆಲವು ದೇಶಗಳು ಸಿಟ್ಟಾದವು. ಕೊನೆಗೆ ಭಾರತದ ಮಾತೇ ಉಳಿಯಿತು.

2024ರ ನವೆಂಬರ್‌ನಲ್ಲಿ ಅಜರ್‌ಬೈಜಾನ್‌ನ ಬಾಕು ಸಭೆಯಲ್ಲಿ ದುಡ್ಡಿನ ಮಾತು ಮತ್ತೆ ಬಂತು. 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಎಂದು ಅಧ್ಯಕ್ಷರು ಸುತ್ತಿಗೆ ಬಡಿದು ತೀರ್ಮಾನಿಸಿಬಿಟ್ಟರು. ಬಡ ದೇಶಗಳು ಕೇಳಿದ್ದು ಇದರ ನಾಲ್ಕು ಪಟ್ಟಿಗೂ ಹೆಚ್ಚು. ಭಾರತದ ಪ್ರತಿನಿಧಿ ಎದ್ದು ನಿಂತು, ಇದು ಬರೀ ಕಣ್ಕಟ್ಟು, ಒಪ್ಪುವುದಿಲ್ಲ ಎಂದು ಎಲ್ಲರೆದುರು ಹೇಳಿದರು.

ಮನೆಯೊಳಗಿನ ಲೆಕ್ಕ

ಹೊರಗೆ ಇಷ್ಟು ಮಾತಾಡುವ ಸರ್ಕಾರ ಮನೆಯೊಳಗೆ ಮಾಡಿದ್ದೇನು? ಒಳ್ಳೆಯದೂ ಇದೆ, ಕೊರತೆಯೂ ಇದೆ.

2015ರಲ್ಲಿ ಸೌರ ಗುರಿಯನ್ನು 20 ಸಾವಿರದಿಂದ 1 ಲಕ್ಷ ಮೆಗಾವಾಟ್‌ಗೆ ಏರಿಸಲಾಯಿತು. ಗಾಳಿ, ಜೀವರಾಶಿ, ಕಿರು ಜಲವಿದ್ಯುತ್ ಸೇರಿ 2022ಕ್ಕೆ 1.75 ಲಕ್ಷ ಮೆಗಾವಾಟ್ ಆಗಬೇಕಿತ್ತು. ಆ ವರ್ಷದ ಕೊನೆಗೆ ಆದದ್ದು ಸುಮಾರು 1.2 ಲಕ್ಷ. ಗುರಿ ತಪ್ಪಿತು, ಆದರೆ ಕೆಲಸ ನಿಲ್ಲಲಿಲ್ಲ. 2025ರ ಜನವರಿಯಲ್ಲಿ ಸೌರವೊಂದೇ 1 ಲಕ್ಷ ಮೆಗಾವಾಟ್ ದಾಟಿತು. ಅದೇ ವರ್ಷ ಜೂನ್ ಕೊನೆಗೆ ದೇಶದ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಎಣ್ಣೆ, ಅನಿಲ ಸುಡದ ಮೂಲಗಳದ್ದಾಯಿತು. 2030ಕ್ಕೆಂದು ಕೊಟ್ಟಿದ್ದ ಮಾತು ಐದು ವರ್ಷ ಮೊದಲೇ ಈಡೇರಿತು. ಕೋಪನ್‌ಹೇಗನ್ನಿನ ಮಾತೂ ಮೀರಿತು: 2005ರಿಂದ 2020ರ ನಡುವೆ ಗಳಿಕೆಗೆ ತಕ್ಕ ಹೊಗೆ ನೂರಕ್ಕೆ 36ರಷ್ಟು ಇಳಿದಿದೆ ಎಂದು ಸರ್ಕಾರ ವಿಶ್ವಸಂಸ್ಥೆಗೆ ವರದಿ ಕೊಟ್ಟಿದೆ.

ಆದರೆ ಸಾಮರ್ಥ್ಯ ಬೇರೆ, ಮನೆಗೆ ಬರುವ ಕರೆಂಟು ಬೇರೆ. ಸೂರ್ಯ ಮುಳುಗಿದ ಮೇಲೆ ಹಲಗೆ ಸುಮ್ಮನಾಗುತ್ತದೆ. ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಈಗಲೂ ಕಲ್ಲಿದ್ದಲಿನದ್ದೇ. ದಕ್ಷಿಣ ಸೋಲಾಪುರ ತಾಲ್ಲೂಕಿನಲ್ಲಿ ಎನ್‌ಟಿಪಿಸಿ ಕಟ್ಟಿದ 1,320 ಮೆಗಾವಾಟ್‌ನ ಸ್ಥಾವರ ಇದಕ್ಕೆ ಸಾಕ್ಷಿ. ಕುಡಿಯುವ ನೀರಿಗೆ ಬೇಸಿಗೆಯಲ್ಲಿ ಪರದಾಡುವ ಸೋಲಾಪುರ ಸೀಮೆಯಲ್ಲಿ ಆ ಸ್ಥಾವರಕ್ಕೆ ಉಜನಿ ಜಲಾಶಯದ ನೀರು ಬೇಕು.

2010ರಲ್ಲಿ ಸರ್ಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಹಾಕಿತು. 2016ರ ಹೊತ್ತಿಗೆ ಅದು 400 ರೂಪಾಯಿಗೆ ಏರಿತು. ಸೋಲಾರ್, ಗಾಳಿಯಂತಹ ಕೆಲಸಕ್ಕೆ ದುಡ್ಡು ಕೂಡಿಸುವುದು ಉದ್ದೇಶ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ದುಡ್ಡು ರಾಜ್ಯಗಳ ತೆರಿಗೆ ನಷ್ಟ ತುಂಬುವ ನಿಧಿಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಸೆಸ್ಸೂ ಹೋಗಿ ಕಲ್ಲಿದ್ದಲಿನ ಜಿಎಸ್‌ಟಿಯನ್ನೇ ಶೇ 5ರಿಂದ 18ಕ್ಕೆ ಏರಿಸಲಾಯಿತು. ಒಂದು ಹುಂಡಿಗೆ ಹಾಕಿದ ಕಾಣಿಕೆ ಇನ್ನೊಂದು ಹುಂಡಿ ಸೇರಿದಂತೆ ಆಯಿತು.

ತಂತಿಯೊಂದು ಹೊಲ ಹತ್ತಾರು

2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೊವೋಲ್ಟ್ ತಂತಿಗೆ ಕರೆಂಟು ಹರಿಯಿತು. ಅದುವರೆಗೆ ಬೇರೆಯಾಗಿಯೇ ನಡೆಯುತ್ತಿದ್ದ ದಕ್ಷಿಣದ ವಿದ್ಯುತ್ ಜಾಲ ಅಂದಿನಿಂದ ದೇಶದ ಜಾಲದ ಜೊತೆ ಒಂದೇ ಲಯದಲ್ಲಿ ಓಡತೊಡಗಿತು. ಎರಡೂ ತುದಿಯಲ್ಲಿ ಕನ್ನಡ ಕೇಳಿಸುವ ಈ ತಂತಿಯಿಂದ ಭಾರತದ ಜಾಲ ಒಂದಾಯಿತು ಎಂಬುದು ಗಡಿನಾಡಿಗೆ ಹೆಮ್ಮೆಯ ವಿಷಯ. ತಂತಿ ಎಲ್ಲರನ್ನೂ ಒಂದು ಮಾಡಿತು. ಲಾಭ ಮಾತ್ರ ಹಾಗೆ ಸಮನಾಗಿ ಹರಿಯಲಿಲ್ಲ.

ಪಾವಗಡವನ್ನೇ ನೋಡಿ. ಮೂರು ಕಡೆ ಆಂಧ್ರ ಸುತ್ತುವರಿದ ಬರದ ತಾಲ್ಲೂಕು. ತಿರುಮಣಿ, ಬಾಲಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಹೊಲದಲ್ಲಿ 2,050 ಮೆಗಾವಾಟ್‌ನ ಪಾರ್ಕ್ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ಸರ್ಕಾರ ಹೊಲ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಕೈ ಸುಟ್ಟುಕೊಂಡವರಿಗೆ ಇದು ಕೈಹಿಡಿದ ದುಡ್ಡು. ಹೊಲದ ಒಡೆತನವೂ ಉಳಿಯಿತು. ದೇಶಕ್ಕೇ ಮಾದರಿ ಎಂದು ಹೊಗಳಿಕೆ ಬಂದದ್ದು ಇದಕ್ಕೇ.

ಆದರೆ ಹೊಲವೇ ಇಲ್ಲದವರ ಪಾಡು? ಅವರ ಹೆಸರಿನಲ್ಲಿ ಪಹಣಿ ಇಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಕಳೆ ತೆಗೆಯುವ, ಶೇಂಗಾ ಕೀಳುವ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಹಲಗೆ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಸಿಕ್ಕಿದ್ದು ಕೆಲವರಿಗೆ ಮಾತ್ರ. ಅದೇ ಸೀಮೆಯ ಮಡಕಶಿರಾ, ಪೆನುಕೊಂಡ ಕಡೆಯ ಕನ್ನಡದ ರೈತರು ಮುಂದೆ ಇಂತಹ ಗುತ್ತಿಗೆಗೆ ಸಹಿ ಹಾಕುವ ಮುನ್ನ ಗಮನಿಸಬೇಕಾದ ಪಾಠ ಇದು.

ಇನ್ನು ರಾಯದುರ್ಗ. ಅನಂತಪುರ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಬೊಮ್ಮನಹಾಳ, ಕಣೇಕಲ್ಲು ಕಡೆ ವೇದಾವತಿ ಹೊಳೆಯ ಮರಳು ಗಾಳಿಗೆ ಹಾರಿ ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಎಂಟು ಮಿಷನ್‌ಗಳಲ್ಲಿ ನೀರಿನದೂ ಇದೆ, ಕೃಷಿಯದೂ ಇದೆ. ಆದರೆ ಸೌರ ಮಿಷನ್‌ಗೆ ಸಿಕ್ಕ ಓಟ ಇವೆರಡಕ್ಕೆ ಸಿಗಲಿಲ್ಲ. ಕಾರಣ ಸರಳ. ಸೋಲಾರ್‌ನಲ್ಲಿ ಹೂಡಿದ ದುಡ್ಡು ವಾಪಸ್ ಬರುತ್ತದೆ, ಕಂಪೆನಿಗಳು ಓಡಿ ಬರುತ್ತವೆ. ಮರಳು ತಡೆಯಲು ಗಿಡ ನೆಡುವುದರಲ್ಲಿ, ಕೆರೆ ಹೂಳು ತೆಗೆಯುವುದರಲ್ಲಿ ಯಾರಿಗೆ ಲಾಭ?

ವಯನಾಡು ಕಲಿಸಿದ್ದು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲ ಕುಸಿದು ಕೊಚ್ಚಿಹೋದವು. 250ಕ್ಕೂ ಹೆಚ್ಚು ಜನ ಸತ್ತರು. ಅಂದಿನ ಮಳೆ ಹವಾಮಾನ ಬದಲಾವಣೆಯಿಂದಾಗಿ ಶೇ 10ರಷ್ಟು ಹೆಚ್ಚು ಬಿರುಸಾಗಿತ್ತು ಎಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಲೆಕ್ಕ ಹಾಕಿದೆ. ಗುಡ್ಡದ ಇಳಿಜಾರು, ನೆಲದ ಬಳಕೆ ಇವೂ ಕಾರಣಗಳೇ. ಆದರೆ ಆಕಾಶದಿಂದ ಬಂದ ಆ ಹೆಚ್ಚಿನ ನೀರಿಗೆ ಎಸ್ಟೇಟ್ ಪಾಡಿಯಲ್ಲಿ ಮಲಗಿದ್ದ ಕೂಲಿಯವರು ಹೊಣೆಯಲ್ಲ.

ಮತ್ತೆ ಕಟ್ಟಲು 2,200 ಕೋಟಿಗೂ ಹೆಚ್ಚು ಬೇಕು ಎಂದು ಕೇರಳ ಕೇಂದ್ರವನ್ನು ಕೇಳಿತು. 2025ರ ಫೆಬ್ರುವರಿಯಲ್ಲಿ ಕೇಂದ್ರ ಮಂಜೂರು ಮಾಡಿದ್ದು 529.50 ಕೋಟಿ ರೂಪಾಯಿ. ಅದೂ ನೆರವಲ್ಲ, 50 ವರ್ಷದ ಸಾಲ. ಬಡ್ಡಿ ಇಲ್ಲ, ನಿಜ. ಆದರೆ ಸಾಲ ಸಾಲವೇ. ಮುಂದೆ 2025ರ ಅಕ್ಟೋಬರ್‌ನಲ್ಲಿ 260 ಕೋಟಿಯಷ್ಟು ಪುನರ್‌ನಿರ್ಮಾಣಕ್ಕೆಂದು ಒಪ್ಪಿಗೆಯಾಯಿತು.

ಬಾಕುವಿನಲ್ಲಿ ಭಾರತ ಏನು ಹೇಳಿತ್ತು? ನಷ್ಟಕ್ಕೆ ಕಾರಣರಾಗದವರ ತಲೆ ಮೇಲೆ ಸಾಲ ಹೊರಿಸಬೇಡಿ, ನೆರವು ಕೊಡಿ, ಸಾಕಷ್ಟು ಕೊಡಿ. ಆ ಮಾತು ಸರಿಯಾದದ್ದು. ಅದು ಮೇಪ್ಪಾಡಿಗೂ ಸರಿಯಾದದ್ದೇ.

ಊರಿನವರು ಕೇಳಬೇಕಾದ್ದು

ಗಡಿನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕು ಇದೆ. 2009ರಿಂದಾಚೆಗೆ ಪ್ರತಿ ರಾಜ್ಯವೂ ತನ್ನದೇ ಹವಾಮಾನ ಕ್ರಿಯಾ ಯೋಜನೆ ಮಾಡಬೇಕು ಎಂದಾಯಿತು. ಕಾಸರಗೋಡಿನವರು ಕೇರಳದ ಯೋಜನೆಯಲ್ಲಿ, ತಾಳವಾಡಿ, ಹೊಸೂರಿನವರು ತಮಿಳುನಾಡಿನದರಲ್ಲಿ, ಅಕ್ಕಲಕೋಟೆ, ಜತ್ತದವರು ಮಹಾರಾಷ್ಟ್ರದ್ದರಲ್ಲಿ, ಆದವಾನಿ, ರಾಯದುರ್ಗದವರು ಆಂಧ್ರದ್ದರಲ್ಲಿ. ಎಲ್ಲ ರಾಜ್ಯಕ್ಕೂ ಇವರು ಕೊನೆಯ ತಾಲ್ಲೂಕು. ಕಡತ ಇಂಗ್ಲಿಷಿನಲ್ಲಿ, ಅರ್ಜಿ ಆ ರಾಜ್ಯದ ಭಾಷೆಯಲ್ಲಿ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಎರಡೂ ದೂರ.

ಹಾಗಾಗಿ ಸಿಗುವುದನ್ನು ಮೊದಲು ತಿಳಿದುಕೊಳ್ಳುವುದು ಮೇಲು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕೋಟಿ ಮನೆಗಳ ಮಾಡಿಗೆ ಸೋಲಾರ್ ಹಾಕುವ ಗುರಿ ಇದೆ. ಯೋಜನೆಯಂತೆ 1 ಕಿಲೊವಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಹಾಗೂ ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ ಸಬ್ಸಿಡಿ. 2019ರ ಕುಸುಮ್ ಯೋಜನೆ ರೈತರ ಪಂಪ್‌ಸೆಟ್‌ಗೆ ಸೋಲಾರ್ ಜೋಡಿಸಲು ನೆರವಾಗಲೆಂದು ಬಂದದ್ದು. ಇವುಗಳಲ್ಲಿ ಹೊಲ, ಮಾಡು ಎರಡೂ ಮನೆಯವರ ಕೈಯಲ್ಲೇ ಉಳಿಯುತ್ತವೆ. ಬೇಲಿಯೊಳಗಿನ ದೊಡ್ಡ ಪಾರ್ಕಿಗೂ ಮನೆ ಮಾಡಿನ ಹಲಗೆಗೂ ಇರುವ ವ್ಯತ್ಯಾಸ ಅದೇ.

ಆಮೇಲೆ ಕೇಳಬೇಕಾದದ್ದನ್ನು ಗ್ರಾಮಸಭೆಯಲ್ಲಿ, ತಮ್ಮ ತಮ್ಮ ರಾಜ್ಯದ ಕಚೇರಿಗಳಲ್ಲಿ ಕೇಳಬೇಕು. ಪಾರ್ಕ್ ಬರುವ ಊರಿನಲ್ಲಿ ಭೂಮಿ ಇಲ್ಲದವರಿಗೆ ಏನು ಪಾಲು? ಗುತ್ತಿಗೆ ಪತ್ರ ಕನ್ನಡದಲ್ಲಿ ಸಿಗುತ್ತದೆಯೇ? ಅವಧಿ ಮುಗಿದ ಮೇಲೆ ಹಳೆ ಹಲಗೆ ಯಾರು ಎತ್ತಿಕೊಂಡು ಹೋಗುತ್ತಾರೆ? ಜಿಲ್ಲೆಯ ಹವಾಮಾನ ಯೋಜನೆಯಲ್ಲಿ ಕೆರೆಗೆ, ಕುಡಿಯುವ ನೀರಿಗೆ, ಗುಡ್ಡದ ಮನೆಗಳ ಸುರಕ್ಷೆಗೆ ಎಷ್ಟು ದುಡ್ಡು ಇಟ್ಟಿದ್ದಾರೆ? ಇವು ತಕರಾರಿನ ಮಾತುಗಳಲ್ಲ. ಭಾರತ ಸರ್ಕಾರವೇ ರಿಯೊದಿಂದ ಬಾಕುವರೆಗೆ ಕೇಳಿದ ಪ್ರಶ್ನೆಗಳ ಊರ ರೂಪ.

ಪೈವಳಿಕೆಯ ಪದವಿನಿಂದ ಹೊರಟ ಕರೆಂಟು ಎಲ್ಲಿಯ ಮನೆಯ ದೀಪ ಹಚ್ಚುತ್ತದೋ ಯಾರೂ ಹೇಳಲಾರರು, ಜಾಲದಲ್ಲಿ ಸೇರಿದ ಮೇಲೆ ಅದಕ್ಕೆ ಊರಿಲ್ಲ. ಬಿಸಿಲು, ಗಾಳಿ, ನೆಲ ಕೊಟ್ಟವರಿಗೆ ಮಾತ್ರ ಊರು ಇದೆ, ಹೆಸರು ಇದೆ. ಆ ಹೆಸರೂ ಲೆಕ್ಕದ ಪುಸ್ತಕದಲ್ಲಿ ಬರಬೇಕು.